ಎಂಜಿನ್ ಬ್ಯಾಡ, ಮೈ ತೋರಸ್ರಿ

ಎಂಜಿನ್ ನಮ್ಮ ಹತ್ರ ಅದ.
ವಾಡಿ ಗುಜರಿಯಿಂದ ತಂದ ಎಸ್ಟೀಮಿಂದು, ಹದಿಮೂರನೂರು ಸಿಸಿ,
ಲಾರಿಗೆ ಮಾರಿ ಕೊಟ್ಟ ಗಾಡಿಯೊಳಗ ಉಳದ ಗಟ್ಟಿ ಗುಂಡಿಗಿ.
ಶಹಾಬಾದಿನ ನಮ್ಮ ಶೆಡ್ಡಿನಾಗ, ಫರಸಿ ಮ್ಯಾಲ,
ಹಳೇ ಟೈರಿನಾಗ ಕಾವಿಗೆ ಕುಂತ ಕೋಳಿ ಹಂಗ
ಕುಂತು ಒಂದು ವರ್ಷ ಆತು.
ಡಬ್ಬ್ಯಾಗ ನಲವತ್ತೆರಡು ಸಾವಿರ ಅದ.
ಇನ್ನ ಬೇಕಾಗಿದ್ದು ಅದಕ್ಕೊಂದು ಮೈ.

ಮಶಾಕನ ಲೆಕ್ಕ ಸರಳ:
"ಎಂಜಿನ್ ಸತ್ತ ಗಾಡಿ ಹುಡುಕು, ಚಂದ್ರಶ್ಯಾ.
ಬಿಚ್ಚಿ ಒಗಿಯೋ ಸಾಮಾನಿಗೆ ರೊಕ್ಕ ಯಾಕ ಕೊಡಬೇಕು?"
ಆದ್ರ ನನ್ನ ಎಂಜಿನ್ ಸತ್ತದ ಅಂತ ಒಪ್ಪೋ ಮಾಲಕ
ಈ ಜಿಲ್ಲಾದಾಗ ಇನ್ನೂ ಹುಟ್ಟಿಲ್ಲ.

ಚಿತ್ತಾಪುರದಾಗ ಒಂದು ಪದ್ಮಿನಿ,
ಬೇವಿನ ಗಿಡದ ಬುಡಕ, ಕ್ರೋಮಿನ ಹಲ್ಲು ಕಿಸ್ಕೊಂಡು.
ನನಗ ಮನಸ್ಸಾತು, ಖರೆ ಹೇಳ್ತೀನಿ.
ಒಳಗ ಕುಂತೆ. ಕಾಲು ನೆಲಕ್ಕ ತಾಕ್ತು,
ಗಾಡಿ ನೆಲಕ್ಕಲ್ಲ, ಚಿತ್ತಾಪುರದ ನೆಲಕ್ಕ.
ಮ್ಯಾಲಾಗಿ ಅದರ ಎಂಜಿನ್ ಉದ್ದಕ್ಕ ಮಲಗೋದು, ನಮ್ದು ಅಡ್ಡಕ್ಕ.
"ಎಂಜಿನ್ ಮಾತ್ರ ಬೆಣ್ಣಿ," ಅಂದ ಮಾಲಕ.

ಸೇಡಮ್ಮಿನಾಗ ಕೆಂಪನ್ನ ಎಂಟನೂರು.
ಒಡದ ಸ್ಪೀಕರಿನ ಅಯಸ್ಕಾಂತ ಮಶಾಕನ ಕಿಸೆದಾಗೇ ಇರ್ತದ,
ಅರಿವಿ ಸುತ್ತಿ ಬಾಗಲಕ್ಕ ಹಚ್ಚಿದ. ಜಾರಿ ಬಿತ್ತು.
ಗಾಲಿ ಮ್ಯಾಲಿನ ಕಮಾನಿಗೆ ಹಚ್ಚಿದ. ಬಿತ್ತು.
ತಗಡು ತಿಂದ ಜಾಗಕ್ಕೆಲ್ಲ ಪುಟ್ಟಿ,
ಪುಟ್ಟಿ ಮ್ಯಾಲ ಮದವಿ ಮನಿ ಬಣ್ಣ.
"ಇದು ಗಾಡಿ ಅಲ್ಲಪಾ, ಗ್ವಾಡಿ," ಅಂದ ಮಶಾಕ.
"ಎಂಜಿನ್ ನೋಡ್ರಿ, ಎಂಜಿನ್!" ಅಂತ
ಆ ಹುಡುಗ ನಮ್ಮ ಬೈಕಿನ ಹಿಂದ ಓಡಿ ಬಂದ.

ಜೇವರ್ಗಿ ಕಾಂಟೆಸಾದ ರೇಟ್ ಕೇಳಿ
ಚಾ ಕುಡದು ಬಂದಿವಿ.

ಕಡೀಕ ಮಳಖೇಡ.
ಅಣವೀರಯ್ಯ ಕಂಪೌಂಡರರ ಝೆನ್, ತೊಂಬತ್ತೇಳರ ಮಾಡಲ್,
ತಾಡಪಾಲ ತಗದ್ರ ಮೊಸರಿನ ಬಣ್ಣ.
ಕಾಗದ ಎಲ್ಲಾ ಎಕ್ಸರೇ ಲಕೋಟಿಯೊಳಗ, ಒಂದೇ ಹೆಸರು, ಒಂದೇ ಸಹಿ.
ಮ್ಯಾಟ್ ಎತ್ತಿದಿವಿ. ತಗಡು ಹಂಗೇ.
ಬಟ್ಟಿನ ಗಿಣ್ಣಿಲೆ ಬಡದೆ, ತಾಟು ಬಡದಂಗ ದನಿ.
ಅಯಸ್ಕಾಂತ ಹಚ್ಚಿದ್ರ ಮೊಲಿ ಹಿಡದ ಕೂಸಿನಂಗ
ಕಚ್ಚಿತು, ಕೀಳಬೇಕಾದ್ರ ಮಶಾಕನ ಉಗುರು ಹೋತು.
ಮ್ಯಾಲ ಇದರ ಎಂಜಿನ್ನು, ನಮ್ದು ಒಂದೇ ಮನೆತನ,
ಮೌಂಟಿನ ತೂತು ಬೀಗರಂಗ ಹೊಂದ್ಕೊಂತಾವ.

ಮಶಾಕ ಕಣ್ಣಿಲೆ ಹೂಂ ಅಂದ.
ಆಗ ಮುದುಕ "ಒಂದು ನಿಮಿಷ" ಅಂತ ಒಳಗ ಹೋದ್ರು.
ಸ್ಟೆತಸ್ಕೋಪ್ ತಂದ್ರು. ಚಾವಿ ತಿರುವಿದ್ರು.
ಒಂದೇ ಸೆಲ್ಫಿಗೆ ಚಾಲೂ.
"ಐತವಾರಕ್ಕೊಮ್ಮೆ ಇಪ್ಪತ್ತು ನಿಮಿಷ. ಎಂದೂ ತಪ್ಪಿಸಿಲ್ಲ."
ನಳಗಿ ನನ್ನ ಕಿವಿಗೆ ಸಿಗಿಸಿ
ಬಿಲ್ಲಿ ಎಂಜಿನ್ ಮ್ಯಾಲ ಇಟ್ಟು
ನನ್ನ ಮಾರಿ ನೋಡ್ಕೋತ ನಿಂತ್ರು,
ರಿಪೋರ್ಟ್ ಕೇಳೋ ಮನಿಮಂದಿ ಹಂಗ.

ಬಿಚ್ಚಿ ಒಗಿಯೋರು ನಾವು.
ಅಂಥಾ ಸಮನಾದ ಬಡತ ನಾ ಯಾವ ಗಾಡ್ಯಾಗೂ ಕೇಳಿಲ್ಲ.

ನಲವತ್ತಕ್ಕ ಮುಗೀತು ಸೌದಾ.
ಏಳೂವಾಗ ಅಂದ್ರು: "ಎಂಜಿನ್ ಸಲುವಾಗಿ ಎರಡು ಸಾವಿರ ಹೆಚ್ಚಿಗಿ ಕೊಡ್ರಿ."
ಮಶಾಕ ಕೆಮ್ಮಿದ. ನಾ ಡಬ್ಬಿ ಝಾಡಿಸಿದೆ.

ಈಗ ಝೆನ್ನಿನಾಗ ಎಸ್ಟೀಮ್ ಕುಂತದ.
ಎರಡನೇ ಗೇರಿನಾಗ ಶಹಾಬಾದಿನ ಏರು ಏರೂವಾಗ
ಮಶಾಕ ಸುಮ್‌ಸುಮ್ಕ ನಗ್ತಾನ.
ನಂಬರ್ ಬದಲಿಸೋ ಅರ್ಜಿ ಆರ್‌ಟಿಓ ಟೇಬಲ್ ಮ್ಯಾಲ ಮಲಗ್ಯಾದ.
ಹಳೇದನ್ನ ಗುಜರಿಗೆ ಹಾಕಾಕ ಕೈ ಬರ್ಲಿಲ್ಲ.
ಕಲ್ಲಿನ ಖಣಿಯೊಳಗ ಪಂಪಿಗೆ ಜೋಡಿಸೀವಿ,
ಗ್ಯಾಸಿನ ಮ್ಯಾಲ ಓಡ್ತದ, ಮಳಿ ನೀರು ಎತ್ತಿ ಹಾಕ್ತದ.

ಐತವಾರ ಐತವಾರ ಫೋನ್ ಬರ್ತದ ಮಳಖೇಡದಿಂದ:
"ಎಂಜಿನ್ ಹ್ಯಾಂಗದ, ತಮ್ಮಾ?"
ಖಣಿ ದಂಡಿಗೆ ಹೋಗಿ ಫೋನ್ ಅದರ ಕಡಿ ಹಿಡೀತೀನಿ.
"ನಡೀಲಕತ್ತದ್ರಿ," ಅಂತೀನಿ.
ಎಲ್ಲಿಗಿ ಅಂತ ಅವರೂ ಕೇಳಿಲ್ಲ.