ರಾತ್ರಿ ಪಾಳಿ, ರಕ್ತನಿಧಿ

ಮಂಡ್ಯದ ದೊಡ್ಡಾಸ್ಪತ್ರೆ, ಕೆಳಮಹಡಿ.
ನಾಲ್ಕು ಡಿಗ್ರಿಯ ಪೆಟ್ಟಿಗೆ ಗೊರಗುಟ್ಟುತ್ತಿದೆ,
ಒಳಗೆ ಚೀಟಿ ಅಂಟಿಸಿಕೊಂಡು ಮಲಗಿವೆ
ಯಾರ್ಯಾರದೋ ಓ, ಯಾರ್ಯಾರದೋ ಬಿ,
ಒಂದೇ ಒಂದು ಎಬಿ ನೆಗೆಟಿವ್.

ಎರಡೂವರೆ ಗಂಟೆ. ಲೆಡ್ಜರಿಗೆ ಫೋನು ಒರಗಿಸಿ
ಅವನನ್ನು ನೋಡುತ್ತೇನೆ:
ಮುನ್ನೂರು ವರ್ಷದ ಹುಡುಗ,
ಹೆಗಲ ಮೇಲೆ ಯಾವ ದೇಶದ್ದೋ ಮಂಜು.
ಹಿಮೋಗ್ಲೋಬಿನ್ ಐದೂ ಇರಲಾರದು, ಪಾಪ,
ಅನ್ನುತ್ತದೆ ನನ್ನ ಕಸುಬು.
ಕೈ ಮಾತ್ರ ತನ್ನಷ್ಟಕ್ಕೆ
ಕುತ್ತಿಗೆಯ ಸರವನ್ನು ಪಕ್ಕಕ್ಕೆ ಸರಿಸುತ್ತದೆ.

ಕಸ ಗುಡಿಸುತ್ತ ಕೆಂಪೀರಮ್ಮ ಬಗ್ಗಿ ನೋಡಿ,
'ದಿನಾ ರಕ್ತ ನೋಡಿ ಸಾಲ್ದಾ ನಿಂಗೆ?
ಅದೇನ್ ಚೆಂದ ಕಂಡೆ ಅವ್ನಲ್ಲಿ,
ಸೊಳ್ಳೆಗೆ ಕೋಟು ಹಾಕ್ದಂಗವ್ನೆ.'

ನಕ್ಕೆ. ಆಮೇಲೆ ಯೋಚಿಸಿದೆ.
ಸಾವಿಲ್ಲ ಅಂತಲಾ? ಅಲ್ಲ,
ಅಷ್ಟು ವರ್ಷ ಯಾರು ಬಾಡಿಗೆ ಕಟ್ಟುತ್ತಾರೆ.
ಚೆಲುವ ಅಂತಲಾ? ಅದೂ ಒಂಚೂರು.

ಬಸ್ ಸ್ಟ್ಯಾಂಡಿನ ಕಬ್ಬಿನಹಾಲಿನ ಗಾಣ
ಕಬ್ಬಿನ ಮುಖ ನೋಡುವುದಿಲ್ಲ.
ಹಿಂಡಿದ್ದನ್ನೇ ಮಡಿಸಿ, ಮತ್ತೆ ಮಡಿಸಿ,
ನಡುವೆ ನಿಂಬೆಹೋಳಿಟ್ಟು ಇನ್ನೊಮ್ಮೆ.
ಹಾಗೆ ಹೀರಿದವರು ಗೊತ್ತು ನನಗೆ.
ಒಬ್ಬನ ಕೈಯಲ್ಲಿ ತಾಳಿಯಿತ್ತು,
ಒಬ್ಬಳ ಕೈಯಲ್ಲಿ ಚೀಟಿ ಹಣದ ಡೈರಿ.
ಬಾಗಿಲು ತಟ್ಟಿದವರು ಯಾರೂ ಇಲ್ಲ.

ಇವನು ಹೊಸ್ತಿಲಾಚೆ ನಿಲ್ಲುತ್ತಾನೆ.
ಮುನ್ನೂರು ವರ್ಷದ ಹಸಿವು ಹಲ್ಲಿಗೆ ಬಂದಿದ್ದರೂ
'ಬರಲಾ?' ಅನ್ನುತ್ತಾನೆ.
ಬಾ ಅನ್ನದೆ ಕಾಲಿಡುವಂತಿಲ್ಲ,
ಅವರ ಕುಲದ ಕಟ್ಟಳೆಯಂತೆ.
ಬಾ ಅನ್ನುವ ಮೊದಲಿನ ಆ ಒಂದು ನಿಮಿಷಕ್ಕಾಗಿ
ಇಡೀ ರಾತ್ರಿ ಎಚ್ಚರವಿರುತ್ತೇನೆ ನಾನು.

ಮಳವಳ್ಳಿ ಕಡೆಯ ನಮ್ಮಜ್ಜಿ
ಬಾಗಿಲ ಮೇಲೆ ಸುಣ್ಣದಲ್ಲಿ ಬರೆಸಿದ್ದಳು: ನಾಳೆ ಬಾ.
ದೆವ್ವ ದಿನಾ ಬಂದು, ಓದಿಕೊಂಡು, ಹಿಂದಿರುಗುತ್ತಿತ್ತು.
ಅಕ್ಷರ ಕಲಿತ, ಮಾತಿಗೆ ಬೆಲೆ ಕೊಡುವ ದೆವ್ವ!
ಅದೇ ಬಾಗಿಲಲ್ಲಿ ಹಗಲು ಹೊತ್ತು
ಹಣ್ಣಿನ ತಟ್ಟೆ ಹಿಡಿದು ಬಂದವರು
ಓದುವ ಗೋಜಿಗೇ ಹೋಗಲಿಲ್ಲ.

ಹೆರಿಗೆ ವಾರ್ಡಿನಿಂದ ಫೋನು.
ಇದ್ದೊಂದು ಎಬಿ ನೆಗೆಟಿವ್ ಹೋಯಿತು, ಇನ್ನೊಂದು ಬೇಕಂತೆ.
ಪಟ್ಟಿಯಲ್ಲಿದ್ದ ನಂಬರಿಗೆ ಮಾಡಿದೆ.
ಮುಕ್ಕಾಲು ಗಂಟೆಗೆ ಬಂದ, ಹಾಲಿನ ವ್ಯಾನಿನವನು,
ಸಿದ್ದೇವ ಅಂತ, ಪಾಂಡವಪುರದ ಕಡೆಯವನು.
ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲೇ ನಿಂತು
'ಒಳಕ್ ಬರ್ಲಾ ಮೇಡಂ?'

ಒಂದು ಕ್ಷಣ ಅವನ ಹಲ್ಲು ನೋಡಿದೆ.
ಎಲೆಯಡಿಕೆಯ ಕೆಂಪು, ಅಷ್ಟೆ.

ಮಂಚದ ಮೇಲೆ ಮಲಗಿದ. ತೋಳಿಗೆ ಪಟ್ಟಿ ಬಿಗಿದೆ.
ಅಷ್ಟು ದಪ್ಪ ಆಸಾಮಿ, ಸೂಜಿ ಕಂಡು
ಗೋಡೆಯ ಕಡೆ ತಿರುಗಿಕೊಂಡ.
ಹದಿನಾರು ವರ್ಷದ ನೌಕರಿಯಲ್ಲಿ
ಒಮ್ಮೆಯೂ ಕೇಳದಿದ್ದ ನಾನು ಕೇಳಿದೆ:
'ಚುಚ್ಚಲಾ?'

'ಊಂ' ಅಂದ, ಕಣ್ಣು ಮುಚ್ಚಿ.

ಪುಟ್ಟ ಯಂತ್ರದ ಮೇಲೆ ಚೀಲ
ತೊಟ್ಟಿಲಂತೆ ತೂಗುತ್ತ ತುಂಬಿಕೊಳ್ಳುತ್ತಿದೆ.
ಕೆಂಪೀರಮ್ಮ ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ ಒಡೆದು
ಎರಡು ತನಗೆ ತೆಗೆದಿಟ್ಟುಕೊಂಡಳು.