ತಿದಿ ತುಳಿಯುವವನ ಮಾತು

ಲೈಪ್‌ಜಿಗ್‌ನಿಂದ ಬಂದಿರಾ? ಕೆಸರು ಒರೆಸಿಕೊಂಡು ಒಳಗೆ ಬನ್ನಿ.
ಟ್ಸೈಡ್ಲರ್ ಮೇಷ್ಟ್ರ ಬಗ್ಗೆ ಕೇಳಬೇಕು ಅಂದಿರಿ.
ಕೇಳಿ. ಮೊದಲೇ ಹೇಳಿಬಿಡುತ್ತೇನೆ,
ಅವರ ಮುಖ ನನಗೆ ಅಷ್ಟಾಗಿ ಗೊತ್ತಿಲ್ಲ.
ಮೂವತ್ತೊಂದು ವರ್ಷ
ಗೋಡೆಯಾಚೆ ಆರ್ಗನ್ನಿನ ಮುಂದೆ ಅವರು,
ಈಚೆ ಕತ್ತಲಲ್ಲಿ ನಾನು.
ನಡುವೆ ಒಂದು ಹಗ್ಗ, ಹಗ್ಗದ ತುದಿಗೆ ಅಂಗೈಯಷ್ಟು ಗಂಟೆ.

ಅವರು ಎಳೆದರೆ ಇಲ್ಲಿ ಕಿಣಿ ಅನ್ನುವುದು,
ನಾನು ಹಲಗೆ ಹತ್ತುವುದು.
ನಾಲ್ಕು ತಿದಿ, ನಾಲ್ಕು ಹಲಗೆ.
ಒಂದರ ಮೇಲೆ ಮೈಭಾರ ಬಿಟ್ಟು ಇಳಿಯುವಷ್ಟರಲ್ಲಿ
ಇನ್ನೊಂದರ ಉಸಿರು ಮುಗಿದಿರುತ್ತದೆ,
ಒಂದೇ ಹೆರಿಗೆಗೆ ನಾಲ್ಕು ಹೆತ್ತವಳ ಪಾಡು ನನ್ನದು.

ಕೆಳಗೆ ಕೂತ ಜನ ಕಣ್ಣೊರೆಸಿಕೊಳ್ಳುತ್ತಿದ್ದರಂತೆ.
ನನಗೆ ಕೇಳುತ್ತಿದ್ದದ್ದು ಚರ್ಮದ ಕಿರುಗು,
ಮರದ ನರಳಿಕೆ, ನನ್ನದೇ ಏದುಸಿರು.
ಸಂಗೀತ ಗೊತ್ತಾಗುತ್ತಿದ್ದದ್ದು ಕಾಲಿಗೆ.
ಮೆಲ್ಲಗೆ ನುಡಿಸಿದರೆ ಹಲಗೆ
ಹುದುಗು ಬಂದ ಹಿಟ್ಟಿನ ಹಾಗೆ ಅಂಗಾಲಿನಡಿ ಉಬ್ಬುತ್ತಾ ಏಳುವುದು.
ಎಲ್ಲ ಕೊಳವೆ ಒಟ್ಟಿಗೆ ತೆರೆದರೋ,
ಕೆರಳಿದ ಹೋರಿ! ರಪ್ಪನೆ ಎದ್ದು ಮೊಣಕಾಲಿಗೆ ಬಡಿಯುವುದು.
ಈಸ್ಟರಿನ ಮಾರನೆಯ ದಿನ ನಾನು ಮೆಟ್ಟಿಲು ಇಳಿಯುತ್ತಿದ್ದದ್ದು ಕೂತುಕೊಂಡೇ.

ಊರಿನ ಹಿರಿಯರು ಒಮ್ಮೆ ಅವರಿಗೆ ಕಾಗದ ಕಳಿಸಿದ್ದರು:
ನಿಮ್ಮ ಸಂಗೀತದಿಂದ ತಿದಿಯ ಚರ್ಮ ಸವೆಯುತ್ತಿದೆ,
ಇನ್ನು ಮುಂದೆ ಚಿಕ್ಕದಾಗಿ ಬರೆಯತಕ್ಕದ್ದು.
ಮುಂದಿನ ಭಾನುವಾರ ಅವರು ಮುಗಿಸಲೇ ಇಲ್ಲ.
ಹಿರಿಯರ ಮನೆಯ ಬಾತುಕೋಳಿ ಒಲೆಯಲ್ಲೇ ಕರಕಲಾಯಿತು.

ಒಂಬತ್ತು ಮಕ್ಕಳು. ಆರು ಇಗರ್ಜಿಯ ಹಿಂದೆ, ಎಲ್ಡರ್ ಪೊದೆಯ ಬುಡದಲ್ಲಿ.
ಆರನೆಯದನ್ನು ಇಟ್ಟು ಬಂದ ಬೆಳಿಗ್ಗೆ ಗಂಟೆ ಕಿಣಿ ಅಂದಿತು.
ಓಡಬೇಕಾದೀತೆಂದು ಸೊಂಟ ಕಟ್ಟಿ ನಿಂತೆ.
ಒಂದೇ ಕೊಳವೆ ತೆರೆದಿದ್ದರು ಅವರು,
ಕಿರುಬೆರಳಿನಷ್ಟು.
ಒಂದು ತಿದಿಯೇ ಮಿಕ್ಕಿತು. ಉಳಿದ ಮೂರು
ಗಾಳಿ ತುಂಬಿಕೊಂಡು ಸುಮ್ಮನೆ ಕಾದವು.
ಅವತ್ತು ಮೊದಲ ಸಲ ನಾನು ಕೂತು ಕೇಳಿದ್ದು.

ನೀವು ಕೇಳುತ್ತಿರುವುದು ಹಸ್ತಪ್ರತಿ. ಬರುತ್ತೇನೆ ಅಲ್ಲಿಗೇ.

ಆ ಚಳಿಗಾಲ ಸಾಲೆ ನದಿ ಕಲ್ಲಾಗಿತ್ತು.
ಇಲಿ ನುಗ್ಗಿ ತಿದಿಯ ಮಡಿಕೆಗಳನ್ನೆಲ್ಲ ಕಡಿದು ಹಾಕಿದವು.
ಕುರಿಯ ತೊಗಲಿಗೆ ಕಾಸಿಲ್ಲ ಅಂದರು ಹಿರಿಯರು.
ನಾನು ಗೋಡೆ ಗುದ್ದಿದೆ.
ಮೇಷ್ಟ್ರು ಸುತ್ತಿ ಬಂದರು, ಈ ಕಡೆಗೆ ಬಂದದ್ದು ಅದೊಂದೇ ಸಲ.
ಕಂಕುಳಲ್ಲಿ ಕಾಗದದ ಕಟ್ಟು.
"ದಪ್ಪ ಕಾಗದ, ಚೆನ್ನಾಗಿ ಅಂಟುತ್ತದೆ" ಅಂದರು.
"ಒಮ್ಮೆ ಹಾಡಿ ಆಗಿದೆ. ಮತ್ತೆ ಯಾರೂ ಕೇಳುವುದಿಲ್ಲ, ಕ್ರೌಸೆ."

ನನಗೆ ಓದು ಬಾರದು.
ಐದು ಗೆರೆಯ ನೀರಿನಲ್ಲಿ ಗೊದಮೊಟ್ಟೆಗಳು, ಅಷ್ಟೇ ಕಂಡದ್ದು.
ಅವರು ಹರಿದು ಕೊಟ್ಟರು, ನಾನು ಅಂಟು ಬಳಿದೆ.
ಒಂದು ಹಾಳೆ ಮಾತ್ರ ಕೈಯಲ್ಲೇ ಉಳಿಸಿಕೊಂಡು
ಮೋಂಬತ್ತಿಯ ಹತ್ತಿರ ಹಿಡಿದು ಗುನುಗಿದರು,
ನಾಲ್ಕು ಸ್ವರ ಇದ್ದೀತು, ಐದಿರಲಿಕ್ಕಿಲ್ಲ.
ಆಮೇಲೆ ಅದಕ್ಕೆ ತಾವೇ ಅಂಟು ಬಳಿದರು,
ಮೂಲೆ ಮೂಲೆಗೂ,
ಮಗುವಿನ ಮುಖ ತೊಳೆದ ಹಾಗೆ.

ಚಾಕು ಒಳಗಿಡಿ, ಸ್ವಾಮಿ.
ಕಿತ್ತರೆ ನಾಡಿದ್ದು ಭಾನುವಾರ ಇಲ್ಲಿ ಉಸಿರಿಲ್ಲ.
ಹೊಸ ಹುಡುಗ ನುಡಿಸುತ್ತಾನೆ, ಎಡಗೈ ಸ್ವಲ್ಪ ಹಿಂದೆ ಬೀಳುತ್ತದೆ.
ಗಾಳಿ ಮಾತ್ರ ಹಳೆಯದೇ.

ಅಷ್ಟು ದೂರ ಬಂದಿದ್ದೀರಿ, ಬರಿಗೈಯಲ್ಲಿ ಕಳಿಸಲಾರೆ.
ಬೂಟು ಕಳಚಿ. ಮೂರನೆಯ ಹಲಗೆ ಹತ್ತಿ.
ಹೆದರಬೇಡಿ, ಆ ಕಂಬ ಹಿಡಿದುಕೊಳ್ಳಿ.
ಈಗ ಮೈಭಾರ ಪೂರ್ತಿ ಬಿಡಿ…

ಇಳಿಯುತ್ತಲೇ ಇಲ್ಲವಲ್ಲ!
ಲೈಪ್‌ಜಿಗ್‌ನಲ್ಲಿ ಓದುವವರಿಗೆ ಊಟ ಹಾಕುವುದಿಲ್ಲವೇ?
ಇರಿ, ನಾನೂ ಹತ್ತುತ್ತೇನೆ.