ಚಿಲ್ಲರೆ ಬಾಕಿ

ದುರ್ಗಿಗುಡಿಯ ಲ್ಯಾಬಿನ ಹುಡುಗಿ
ಕವರಿಗೆ ಪಿನ್ ಹೊಡೆದು ಕೊಟ್ಟಳು, ಮುಖ ನೋಡಲಿಲ್ಲ.
ಅಲ್ಲಿಗೆ ಮುಗಿಯಿತು ಅಂದುಕೊಂಡೆ.
ಆಮೇಲೆ ಗೊತ್ತಾಯಿತು, ಅವಳು ಯಾರ ಮುಖವನ್ನೂ ನೋಡುವುದಿಲ್ಲ.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಬಿಚ್ಚಿದೆ.
ಹದಿನೇಳು ವರ್ಷ ಓಡುವ ಬಸ್ಸಿನಲ್ಲಿ
ಬೆನ್ನು ಕಂಬಿಗೆ ಕೊಟ್ಟು ಲೆಕ್ಕ ಹಾಕಿದವಳು.
ಈ ಅಂಕಿ ನಿಂತ ನೆಲದ ಮೇಲೇ ಅಲುಗಿತು:
ಟ್ರೋಪೋನಿನ್ ಇಪ್ಪತ್ತೆರಡು.
ಇರಬೇಕಾದ್ದು ಹದಿನಾಲ್ಕರೊಳಗೆ.
ದಪ್ಪಕ್ಷರ, ಪಕ್ಕದಲ್ಲೊಂದು ನಕ್ಷತ್ರ.

ಚೀಲದಲ್ಲಿ ಎಂಟು ರೂಪಾಯಿ ಹೆಚ್ಚು ಸಿಕ್ಕರೂ
ತನಿಖೆಯವರು ಮೆಮೊ ಬರೆಯುತ್ತಾರೆ.
ಕಡಿಮೆ ಬಿದ್ದರೆ ಕೈಯಿಂದ ತುಂಬಬಹುದು,
ಹೆಚ್ಚಿದ್ದರೆ ಎಲ್ಲಿಂದ ಬಂತು ಅಂತ ಹೇಳಬೇಕು.

ಎಲ್ಲಿಂದ ಬಂತು?
ಇಸಿಜಿ ಸರಿ. ಎಕೋ ಸರಿ.
ಮಣಿಕಟ್ಟಿನಿಂದ ತೂರಿಸಿದ ತಂತಿಗೂ
ಹೃದಯದವರೆಗೆ ಎಲ್ಲೂ ತಡೆ ಸಿಗಲಿಲ್ಲ.
ಡ್ರೈವರ್ ತಿಪ್ಪೇರುದ್ರಪ್ಪ ನಕ್ಕ:
ಅಷ್ಟು ಸಾಪಾದ ರಸ್ತೆ ನಮ್ಮ ಜಿಲ್ಲೇಲಿ
ನಿನ್ನೊಳಗೆ ಮಾತ್ರ ಇರೋದು ಕಣವ್ವ.

ವಿಶಾಲು ಡಾಕ್ಟರು ಮೂರು ಗಂಟೆ ಬಿಟ್ಟು
ಇನ್ನೊಂದು ಸಲ ರಕ್ತ ತೆಗೆಸಿದ್ದರು.
ಮತ್ತೆ ಇಪ್ಪತ್ತೆರಡು.
ಹಾರ್ಟ್ ಅಟ್ಯಾಕಿನ ಅಂಕಿ ಘಾಟಿ ಹತ್ತುತ್ತೆ, ಇಳಿಯುತ್ತೆ,
ನಿಮ್ಮದು ಕೂತಲ್ಲೇ ಕೂತಿದೆ, ಅಂದರು.
ಕಿಡ್ನಿ ಇರಬಹುದು, ನೋಡಿದೆವು, ಅಲ್ಲ.
ಹೋದ ತಿಂಗಳ ಜ್ವರ ಬಿಟ್ಟುಹೋದದ್ದಿರಬಹುದು.
ಯಂತ್ರವೇ ಮೋಸ ಹೋಗಿರಬಹುದು.
ಬ್ಯಾಟರಿ ಇಳಿದಾಗ ತೂದೂರು ಒತ್ತಿದರೆ
ತೀರ್ಥಹಳ್ಳಿ ಮುದ್ರಿಸುವ ನನ್ನ ಟಿಕೆಟ್ ಯಂತ್ರ ನೆನಪಾಯಿತು.
ಆಮೇಲೆ ಅವರು ಕನ್ನಡಕ ತೆಗೆದು
ಗೊತ್ತಿಲ್ಲ, ಅಂದರು.

ಅಷ್ಟು ಓದಿದವರ ಬಾಯಲ್ಲಿ ಆ ಮಾತು ಕೇಳಿದ್ದು ಮೊದಲು.
ಸಿಟ್ಟು ಬಂತು. ಸ್ವಲ್ಪ ಹೊತ್ತಿಗೆ,
ಯಾಕೋ, ಹಸಿವಾಯಿತು.

ಬೆವರು ಕಿತ್ತರೆ, ದವಡೆಗೆ ಎಡಗೈಗೆ ಎಳೆದರೆ
ರಾತ್ರಿಯಾದರೂ ಬನ್ನಿ, ಕಾಯಬೇಡಿ.
ಇಲ್ಲದಿದ್ದರೆ ಮೂರು ತಿಂಗಳಿಗೆ.
ರಿಪೋರ್ಟಿನ ಹಿಂದೆ ಬರೆದು ಸುತ್ತ ಗೆರೆ ಎಳೆದರು,
ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಬೆನ್ನಿಗೆ
ನಾನು ಬರೆದುಕೊಡುವ ಹಾಗೆಯೇ.

ಸಂಜೆಯ ಟ್ರಿಪ್ಪಿನಲ್ಲಿ, ಮಂಡಗದ್ದೆ ದಾಟುವಾಗ
ಅದು ಬಂತು. ಎದೆಯ ನಡುವೆ
ಯಾರೋ ಹೆಬ್ಬೆರಳು ಊರಿದ ಹಾಗೆ.
ಹಣೆ ಮುಟ್ಟಿಕೊಂಡೆ, ಒಣಗಿತ್ತು. ದವಡೆ ಸುಮ್ಮನಿತ್ತು.
ಕಂಬಿ ಹಿಡಿದು ಎಣಿಸಿದೆ. ನಲವತ್ತೊಂದಕ್ಕೆ
ಹೇಳದೆ ಕೇಳದೆ ಇಳಿದುಹೋಯಿತು.

ಹಿಂದಿನ ಸೀಟಿನವರು ಟಿಕೆಟ್ ಬೀಸಿದರು:
ಮೇಡಂ, ನನ್ನದು ಬಾಕಿ ಇತ್ತಲ್ಲ?
ಇದೆ, ಕೂತ್ಕೊಳ್ಳಿ, ಅಂದೆ.
ಇಳಿಯೋವಾಗ ನೆನಪು ಮಾಡಿ.